ಗಂಡನ ಮನೆಯ ‘ಯಂಗ್’ ಇಂಗ್ಲೆಂಡಿನದೋ ಜರ್ಮನಿಯದೋ?

ಓದುಗರ ಪ್ರಶ್ನೆ: ನಾನು ಹಾಸನದವಳು, ಮದುವೆಯಾಗಿ ನ್ಯೂಯಾರ್ಕ್ ರಾಜ್ಯದಲ್ಲಿದ್ದೇನೆ. ಗಂಡನ ಮನೆಯವರ ಸರ್‌ನೇಮ್ ಯಂಗ್. ಅತ್ತೆಯವರ ಹತ್ತಿರ ಹಳೆಯ ಕಾಗದವೊಂದಿದೆ. ಮೂವರು ಅಣ್ಣತಮ್ಮಂದಿರು ಇಂಗ್ಲೆಂಡಿನಿಂದ ಬಂದರು, ಆನ್ ರಾಣಿ ಅವರಿಗೆ ಇದೇ ರಾಜ್ಯದ ಸ್ಕೋಹೇರಿ ಕಣಿವೆಯಲ್ಲಿ ಭೂಮಿ ಕೊಟ್ಟಳು ಅಂತ ಅದರಲ್ಲಿದೆ. ಜೊತೆಗೆ ಒಂದು ಲಾಂಛನದ ಚಿತ್ರ. ಹೆಸರುಗಳು ಮಾತ್ರ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಒಬ್ಬರ ತನಕ ಹೋಗಿ ನಿಲ್ಲುತ್ತವೆ. ಆನ್‌ಲೈನ್‌ನಲ್ಲಿ ನೋಡಿದರೆ ಅವರ ಅಪ್ಪ ಯಾರು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಈ ಹೆಸರಿನ ಮೂಲ ಯಾವುದು, ಮಗಳಿಗೆ ಏನು ಹೇಳಲಿ?

ಉತ್ತರ: ಮೊದಲು ಆ ಕಾಗದವನ್ನು ಜೋಪಾನ ಮಾಡಿ. ಅದರಲ್ಲಿರುವುದೆಲ್ಲ ನಿಜವಲ್ಲ, ಆದರೆ ಎರಡು ಹೆಸರು ಒಟ್ಟಿಗೆ ಬಂದಿವೆ: ಆನ್ ರಾಣಿ ಮತ್ತು ಸ್ಕೋಹೇರಿ. ನ್ಯೂಯಾರ್ಕಿನ ಹಳೆಯ ಮನೆತನಗಳ ಬಗ್ಗೆ ಕೆಲಸ ಮಾಡುವವರಿಗೆ ಈ ಜೋಡಿ ಕಂಡ ಕೂಡಲೇ ನೆನಪಾಗುವುದು 1710ರಲ್ಲಿ ಬಂದ ಜರ್ಮನರು. ಇಂಗ್ಲೆಂಡಿನಲ್ಲಿ ಹಡಗು ಹತ್ತಿದವರು ಹೌದು, ಆದರೆ ಇಂಗ್ಲಿಷರಲ್ಲ. ನಿಮ್ಮ ಮಾವನ ಪೂರ್ವಿಕರೂ ಅವರಲ್ಲಿ ಒಬ್ಬರಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಸದ್ಯಕ್ಕೆ ಅದು ಊಹೆ. ಸಾಬೀತು ಮಾಡುವುದು ಹೇಗೆ ಅನ್ನುವುದೇ ಈ ಉತ್ತರದ ಮುಖ್ಯ ಭಾಗ.

ಕಥೆ ಹೀಗಿದೆ. 1708-09ರ ಚಳಿಗಾಲ ಯುರೋಪಿನಲ್ಲಿ ಭೀಕರವಾಗಿತ್ತು. ಜರ್ಮನಿಯ ರೈನ್ ನದಿಯ ಆಸುಪಾಸಿನ ಪ್ಯಾಲಟಿನೇಟ್ ಪ್ರಾಂತ್ಯದಲ್ಲಿ ದ್ರಾಕ್ಷಿ ಬಳ್ಳಿಗಳೇ ಸತ್ತುಹೋದವು. ಅದಕ್ಕೆ ಮೊದಲೇ ಫ್ರೆಂಚ್ ಸೈನ್ಯದ ದಾಳಿ, ತೆರಿಗೆಯ ಕಾಟದಿಂದ ಜನ ಸೋತಿದ್ದರು. ಇಂಗ್ಲೆಂಡಿನ ರಾಣಿ ಅಮೆರಿಕದಲ್ಲಿ ಭೂಮಿ ಕೊಡುತ್ತಾಳೆ ಅನ್ನುವ ಮಾತು ಹಬ್ಬಿತು. 1709ರಲ್ಲಿ ಸುಮಾರು 13,000 ಜನ ರಾಟರ್‌ಡ್ಯಾಮ್ ದಾರಿಯಾಗಿ ಲಂಡನ್ನಿಗೆ ಬಂದು ಗುಡಾರಗಳಲ್ಲಿ ಬಿದ್ದುಕೊಂಡರು. ಕೆಲವರನ್ನು ವಾಪಸು ಕಳಿಸಿದರು, ಕೆಲವರನ್ನು ಐರ್ಲೆಂಡಿಗೆ ಕಳಿಸಿದರು. ಹತ್ತಿರ ಹತ್ತಿರ 3,000 ಜನರನ್ನು 1710ರಲ್ಲಿ ಗವರ್ನರ್ ರಾಬರ್ಟ್ ಹಂಟರ್ ಜೊತೆ ನ್ಯೂಯಾರ್ಕಿಗೆ ಸಾಗಿಸಿದರು. ದಾರಿಯಲ್ಲೂ ಇಳಿದ ಮೇಲೂ ನೂರಾರು ಜನ ಕಾಯಿಲೆಯಿಂದ ಸತ್ತರು. ಅನಾಥ ಮಕ್ಕಳನ್ನು, ಕೆಲವೊಮ್ಮೆ ತಾಯಿ ಬದುಕಿದ್ದ ಮಕ್ಕಳನ್ನು ಕೂಡ, ಕಂಡವರ ಮನೆಗೆ ಕೆಲಸ ಕಲಿಯಲು ಒಪ್ಪಿಸಿಬಿಟ್ಟರು. ಹಾಗೆ ಮುದ್ರಕನೊಬ್ಬನ ಕೈಗೆ ಸೇರಿದ ಹುಡುಗನೇ ಜಾನ್ ಪೀಟರ್ ಝೆಂಗರ್. ಪತ್ರಿಕಾ ಸ್ವಾತಂತ್ರ್ಯದ ಚರಿತ್ರೆಯಲ್ಲಿ 1735ರ ಅವನ ಮೊಕದ್ದಮೆಗೆ ದೊಡ್ಡ ಜಾಗವಿದೆ.

ಇವರ ಖರ್ಚನ್ನು ಸರ್ಕಾರ ಸುಮ್ನೆ ಹಾಕಿಕೊಂಡಿರಲಿಲ್ಲ. ಹಡ್ಸನ್ ನದಿಯ ಎರಡೂ ದಡದ ಶಿಬಿರಗಳಲ್ಲಿ ಕೂರಿಸಿ, ಪೈನ್ ಮರದಿಂದ ಬ್ರಿಟಿಷ್ ಹಡಗುಗಳಿಗೆ ಬೇಕಾದ ಟಾರು ತೆಗೆಸಿ, ಅದರಲ್ಲಿ ಸಾಲ ತೀರಿಸಿಕೊಳ್ಳುವ ಲೆಕ್ಕಾಚಾರ ಅದು. ಬೇಕಾದಷ್ಟು ಟಾರು ಬರಲಿಲ್ಲ. 1712ರ ಶರತ್ಕಾಲದಲ್ಲಿ ಹಂಟರ್ ಕೈಯಲ್ಲಿ ದುಡ್ಡು ಮುಗಿಯಿತು, ನಿಮ್ಮ ಹೊಟ್ಟೆ ನೀವೇ ನೋಡಿಕೊಳ್ಳಿ ಅಂದ. ಆಗ ಹಲವಾರು ಕುಟುಂಬಗಳು ಕಾಡು ದಾಟಿ ಸ್ಕೋಹೇರಿ ಕಣಿವೆಗೆ ಹೋದವು. ಅಲ್ಲಿನ ಮೂಲನಿವಾಸಿಗಳಾದ ಮೊಹಾಕ್ ಜನ ಆ ನೆಲವನ್ನು ತಮಗೋಸ್ಕರ ಆನ್ ರಾಣಿಗೆ ಬಿಟ್ಟುಕೊಟ್ಟಿದ್ದಾರೆ ಅಂತ ಈ ಜರ್ಮನರು ಗಟ್ಟಿಯಾಗಿ ನಂಬಿದ್ದರು. ನಿಮ್ಮ ಅತ್ತೆಯವರ ಕಾಗದದಲ್ಲಿರುವ ‘ರಾಣಿ ಭೂಮಿ ಕೊಟ್ಟಳು’ ಅನ್ನುವ ಮಾತಿನ ಬೇರು ಬಹುಶಃ ಅಲ್ಲೇ ಇದೆ. ಕಾಗದಪತ್ರದ ಪ್ರಕಾರ ಆ ಭೂಮಿಯ ಹಕ್ಕು ಬೇರೆ ಸಿರಿವಂತರ ಪಾಲಾಗಿತ್ತು. ಜಗಳ ವರ್ಷಗಟ್ಟಲೆ ನಡೆಯಿತು. ಬೇಸತ್ತ ಕೆಲವರು 1723ರಲ್ಲಿ ಪೆನ್ಸಿಲ್ವೇನಿಯಾದ ಟಲ್ಪೆಹಾಕನ್‌ಗೆ ಹೋದರು, ಕೆಲವರು ಮೊಹಾಕ್ ನದಿಯ ಬಯಲಿಗೆ ಹೋದರು. ಉಳಿದವರು ಜಮೀನನ್ನು ದುಡ್ಡು ಕೊಟ್ಟು ಅಥವಾ ಗೇಣಿಗೆ ತೆಗೆದುಕೊಂಡು ಅಲ್ಲೇ ನಿಂತರು. ಇದು ನೆನಪಿರಲಿ, ಯಾಕೆಂದರೆ ಒಂದೇ ಮನೆಯ ಮಕ್ಕಳು ಮೂರು ಕಡೆ ಚದುರಿರಬಹುದು.

ಈಗ ಹೆಸರಿಗೆ ಬರೋಣ. ಯಂಗ್ ಅನ್ನುವ ಸರ್‌ನೇಮ್ ಇಂಗ್ಲೆಂಡಿನಲ್ಲಿದೆ, ಸ್ಕಾಟ್ಲೆಂಡಿನಲ್ಲಿ ಇನ್ನೂ ಜಾಸ್ತಿ ಕಾಣುತ್ತದೆ. ಜರ್ಮನ್ನಿನ ‘ಯುಂಗ್’ ಕೂಡ ನ್ಯೂಯಾರ್ಕಿನಲ್ಲಿ ಯಂಗ್ ಆಯಿತು. ಡಚ್ಚರ ‘ಡಿ ಯೊಂಗ್’ ಕೂಡ ಹಾಗೇ ಆಗಬಹುದಿತ್ತು. ಎಲ್ಲದರ ಅರ್ಥವೂ ಕಿರಿಯ ಅಂತಲೇ. ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಚಿಕ್ಕವನನ್ನು ಗುರುತಿಸಲು ಇಟ್ಟ ಹೆಸರು. ಅಂಥ ಹೆಸರು ನೂರಾರು ಊರುಗಳಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದೆ ಹುಟ್ಟಿದೆ. ನಮ್ಮಲ್ಲಿ ಒಬ್ಬರ ಇನಿಶಿಯಲ್ ‘ಎಚ್’ ಅಂದಮಾತ್ರಕ್ಕೆ ಅದು ಹಾಸನವೋ ಹೊಳೆನರಸೀಪುರವೋ ಅಪ್ಪ ಹನುಮಂತಯ್ಯನೋ ಗೊತ್ತಾಗಲ್ಲ, ಅಲ್ವಾ? ಹಾಗೇ ಇದು. 1710ರಲ್ಲಿ ಬಂದವರಲ್ಲೇ ಒಂದಲ್ಲ, ಹಲವು ಯುಂಗ್ ಕುಟುಂಬಗಳಿದ್ದವು. ಅದಕ್ಕೇ ಸರ್‌ನೇಮಿನ ಅರ್ಥ ಹೇಳುವ ಪುಸ್ತಕಗಳನ್ನು ಸದ್ಯಕ್ಕೆ ಮುಚ್ಚಿಡಿ ಅನ್ನುತ್ತೇನೆ. ಒಬ್ಬ ಮನುಷ್ಯನನ್ನು ಒಂದು ಊರಿನ ತನಕ ಹಿಂಬಾಲಿಸಿದರೆ ಹೆಸರಿನ ಮೂಲ ತಾನಾಗಿ ಸಿಗುತ್ತದೆ. ಹೆಸರಿನಿಂದ ಹೊರಟರೆ ಮನುಷ್ಯ ಸಿಗುವುದಿಲ್ಲ.

ಹಡಗುಕಟ್ಟೆಯ ಗುಮಾಸ್ತ ಹೆಸರು ಬದಲಿಸಿಬಿಟ್ಟ ಅನ್ನುವ ಕಥೆಯೂ ನಿಮ್ಮ ಕಿವಿಗೆ ಬೀಳುತ್ತದೆ. ಎಲ್ಲಿಸ್ ದ್ವೀಪದ ವಲಸೆ ಕಚೇರಿ ಶುರುವಾದದ್ದೇ 1892ರಲ್ಲಿ, ನಿಮ್ಮ ಮನೆಯವರಿಗೂ ಅದಕ್ಕೂ ಸಂಬಂಧವಿಲ್ಲ. ಹೆಸರು ಬದಲಾದದ್ದು ನಿಧಾನವಾಗಿ, ಬರೆಯುವವನ ಕಿವಿಯ ಮೇಲೆ. ಜರ್ಮನ್ ಪಾದ್ರಿ ಯುಂಗ್ ಅಂತ ಬರೆದ, ಡಚ್ ಪಾದ್ರಿ ಯೊಂಗ್ ಅಂತ ಬರೆದ, ಇಂಗ್ಲಿಷ್ ಗುಮಾಸ್ತ ಯಂಗ್ ಅಂತ ಬರೆದ. ಒಬ್ಬನೇ ಮನುಷ್ಯ ಮೂರು ಪುಸ್ತಕಗಳಲ್ಲಿ ಮೂರು ಥರ ಇರುತ್ತಾನೆ. ಹೆಂಗಸರಿಗೆ ಜರ್ಮನರು ಹೆಸರಿನ ಕೊನೆಗೆ ‘ಇನ್’ ಸೇರಿಸುತ್ತಿದ್ದರು, ಹಾಗಾಗಿ ‘ಯುಂಗಿನ್’ ಅಂತ ಕಂಡರೆ ಬೇರೆ ಮನೆತನ ಅಂದುಕೊಳ್ಳಬೇಡಿ. ಇನ್ನೊಂದು ವಿಷಯ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಒಂದೇ ಮನೆಯ ಗಂಡುಮಕ್ಕಳೆಲ್ಲರಿಗೂ ಯೋಹಾನ್ ಅಂತ ಮುಂದೆ ಸೇರಿಸಿ ಯೋಹಾನ್ ಪೀಟರ್, ಯೋಹಾನ್ ಆಡಮ್, ಯೋಹಾನ್ ಮಥಿಯಾಸ್ ಅಂತ ಹೆಸರಿಡುತ್ತಿದ್ದರು. ಕರೆಯುತ್ತಿದ್ದದ್ದು ಎರಡನೆಯ ಹೆಸರಿನಿಂದ. ಯೋಹಾನ್ ಪೀಟರ್ ಮುಂದೆ ಪೀಟರ್ ಆಗುತ್ತಾನೆ, ಜಾನ್ ಆಗುವುದಿಲ್ಲ. ಜಾನ್ ಆಗುವವನು ‘ಯೋಹಾನೆಸ್’.

ಕೆಲಸ ಶುರು ಮಾಡಬೇಕಾದದ್ದು 1710ರಿಂದ ಅಲ್ಲ, ನಿಮ್ಮ ಕೈಯಲ್ಲಿರುವ ಕೊನೆಯ ಗಟ್ಟಿ ಹೆಸರಿನಿಂದ. ಅದು ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದವರದು, ನಿಮ್ಮ ಅದೃಷ್ಟ. ಅವರು 1832ರ ತನಕ ಬದುಕಿದ್ದರೆ ಪಿಂಚಣಿಗೆ ಅರ್ಜಿ ಹಾಕಿರುವ ಸಾಧ್ಯತೆ ಇದೆ. ಆ ವರ್ಷದ ಕಾನೂನಿನಲ್ಲಿ ಅರ್ಜಿದಾರನನ್ನು ನ್ಯಾಯಾಲಯದಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು: ಎಲ್ಲಿ, ಯಾವ ವರ್ಷ ಹುಟ್ಟಿದ್ದು? ವಯಸ್ಸಿಗೆ ದಾಖಲೆ ಇದೆಯೇ? ಯುದ್ಧಕ್ಕೆ ಕರೆದಾಗ ಎಲ್ಲಿದ್ದೆ, ಆಮೇಲೆ ಎಲ್ಲೆಲ್ಲಿ ಇದ್ದೆ? ಅವರು ಮೊದಲೇ ತೀರಿಕೊಂಡು ಹೆಂಡತಿ ಅರ್ಜಿ ಹಾಕಿದ್ದರೆ ಇನ್ನೂ ಒಳ್ಳೆಯದು. ಮದುವೆಗೆ ಪುರಾವೆ ಬೇಕಲ್ಲ, ಮನೆಯ ಬೈಬಲ್ಲಿನಲ್ಲಿ ಮಕ್ಕಳ ಹುಟ್ಟು ಬರೆದಿಟ್ಟ ಹಾಳೆಯನ್ನೇ ಕಿತ್ತು ಕಳಿಸಿದವರಿದ್ದಾರೆ. ಆ ಹಾಳೆಗಳು ಇವತ್ತಿಗೂ ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದ ಕಡತಗಳಲ್ಲಿವೆ, ಅವುಗಳ ಚಿತ್ರ ಮನೆಯಲ್ಲೇ ಕೂತು ನೋಡಬಹುದು. ಸ್ಕೋಹೇರಿಯವರು ಹೆಚ್ಚಾಗಿ ಆಲ್ಬನಿ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) 15ನೇ ಮಿಲಿಶಿಯಾ ರೆಜಿಮೆಂಟಿನಲ್ಲಿ, ಅಂದರೆ ಊರವರೇ ಸೇರಿದ ಪಡೆಯಲ್ಲಿ, ಇದ್ದರು, ಅದರ ಹೆಸರಿನ ಪಟ್ಟಿಗಳನ್ನೂ ನೋಡಿ.

‘ಆಲ್ಬನಿ ಕೌಂಟಿ’ ಅಂದದ್ದು ಗಮನಿಸಿದಿರಾ? ಸ್ಕೋಹೇರಿ ಕೌಂಟಿ ಹುಟ್ಟಿದ್ದು 1795ರಲ್ಲಿ. ಅದಕ್ಕೂ ಹಿಂದಿನ ಕ್ರಯಪತ್ರ, 1790ರ ಮೊದಲ ಜನಗಣತಿ ಎಲ್ಲವನ್ನೂ ಆಲ್ಬನಿಯ ಹೆಸರಿನಲ್ಲಿ ಹುಡುಕಬೇಕು. ಎಷ್ಟೋ ಜನ ಸ್ಕೋಹೇರಿ ಕೌಂಟಿಯ ಪುಸ್ತಕ ತಿರುವಿ, ಏನೂ ಇಲ್ಲ ಅಂತ ಕೈಬಿಡುವುದು ಇಲ್ಲೇ. ಜನಗಣತಿಯಿಂದ ಜಾಸ್ತಿ ನಿರೀಕ್ಷೆ ಬೇಡ. 1840ರ ತನಕ ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರೆಲ್ಲ ಬರೀ ಸಂಖ್ಯೆ. ರಾಜ್ಯ ಸರ್ಕಾರದ ಜನನ ನೋಂದಣಿ 1880ರ ದಶಕದ್ದು, ಅದೂ ಉಪಯೋಗಕ್ಕೆ ಬರಲ್ಲ. ಹಾಗಾಗಿ ಚರ್ಚಿನ ಪುಸ್ತಕವೇ ಆಧಾರ. ಸ್ಕೋಹೇರಿಯ ರಿಫಾರ್ಮ್ಡ್ ಮತ್ತು ಲೂಥರನ್ (ಎರಡೂ ಪ್ರೊಟೆಸ್ಟೆಂಟ್ ಪಂಗಡಗಳು) ಚರ್ಚುಗಳ ದೀಕ್ಷಾಸ್ನಾನದ ದಾಖಲೆಗಳು 1730ರ ಸುಮಾರಿನಿಂದ ಸಿಗುತ್ತವೆ. ಹಡ್ಸನ್ ಶಿಬಿರಗಳಲ್ಲಿ ಪಾದ್ರಿ ಕೋಖರ್ಟಾಲ್ ಇಟ್ಟ ಪುಸ್ತಕ ಅದಕ್ಕೂ ಹಿಂದಿನದು. ಅವರು ತೀರಿಕೊಂಡದ್ದು 1719ರಲ್ಲಿ.

ಚರ್ಚಿನ ಪುಸ್ತಕದ ಒಂದು ಸಾಲಿನಲ್ಲಿ ಏನಿರುತ್ತದೆ? ದಿನಾಂಕ, ಮಗುವಿನ ಹೆಸರು, ತಂದೆ, ತಾಯಿ, ಆಮೇಲೆ ಮಗುವಿಗೆ ಸಾಕ್ಷಿಯಾಗಿ ನಿಂತ ಇಬ್ಬರೋ ಮೂವರೋ. ಹೆಚ್ಚಿನವರು ತಂದೆ-ತಾಯಿಯ ಹೆಸರು ಬರೆದುಕೊಂಡು ಪುಟ ತಿರುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಾಕ್ಷಿಗೆ ನಿಂತವರು ಸಾಮಾನ್ಯವಾಗಿ ಅಜ್ಜ-ಅಜ್ಜಿ, ಅಣ್ಣತಮ್ಮ, ನಾದಿನಿ, ಇಲ್ಲವೇ ಅದೇ ಊರಿನಿಂದ ಜೊತೆಗೆ ಬಂದವರು. ಮಗುವಿಗೆ ಬಹಳ ಸಲ ಸಾಕ್ಷಿಯ ಹೆಸರನ್ನೇ ಇಡುತ್ತಿದ್ದರು. ಒಬ್ಬ ದಂಪತಿಯ ಎಲ್ಲ ಮಕ್ಕಳ ಸಾಕ್ಷಿಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಎರಡು ಮೂರು ಮನೆತನಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ನಿಮ್ಮ ಯಂಗ್ ಯಾವ ಯುಂಗ್ ಅಂತ ಆ ಹೆಸರುಗಳೇ ಹೇಳುತ್ತವೆ. ಡಚ್ ಪಾದ್ರಿಗಳ ಪುಸ್ತಕ ಸಿಕ್ಕರೆ ಖುಷಿಪಡಿ, ಅದರಲ್ಲಿ ಮದುವೆಯಾದ ಹೆಂಗಸನ್ನೂ ತವರಿನ ಹೆಸರಿನಿಂದಲೇ ಬರೆಯುತ್ತಿದ್ದರು. ದಿನಾಂಕ ಓದುವಾಗ ಒಂದು ಎಚ್ಚರಿಕೆ: 1752ರ ತನಕ ಬ್ರಿಟಿಷ್ ವಸಾಹತುಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಹಾಗಾಗಿ ಫೆಬ್ರವರಿ ತಿಂಗಳ ಮುಂದೆ 1731/32 ಅಂತ ಕಂಡರೆ ಅದು ನಮ್ಮ ಲೆಕ್ಕದ 1732. ಇದು ಗೊತ್ತಿಲ್ಲದೆ ತಂಗಿಯನ್ನು ಅಕ್ಕ ಮಾಡಿದ ವಂಶಾವಳಿಗಳಿವೆ.

1710ರ ಹಂತಕ್ಕೆ ತಲುಪಿದ ಮೇಲೆ ಸಿಗುವ ದಾಖಲೆ ನನಗೆ ಬಹಳ ಪ್ರೀತಿಯದು: ಹಂಟರ್ ಕೊಟ್ಟ ದಿನಸಿಯ ಲೆಕ್ಕ. ಸರ್ಕಾರದ ದುಡ್ಡು ಅಂದಮೇಲೆ ಲಂಡನ್ನಿಗೆ ಲೆಕ್ಕ ಒಪ್ಪಿಸಬೇಕಿತ್ತು. ಹತ್ತು ವರ್ಷ ಮೇಲ್ಪಟ್ಟವರಿಗೆ ದಿನಕ್ಕೆ 6 ಪೆನ್ಸ್, ಕೆಳಗಿನವರಿಗೆ 4 ಪೆನ್ಸ್. ಕುಟುಂಬದ ಯಜಮಾನನ ಹೆಸರು, ಎದುರಿಗೆ ದೊಡ್ಡವರೆಷ್ಟು ಚಿಕ್ಕವರೆಷ್ಟು, 1710ರಿಂದ 1712ರ ತನಕ ಮತ್ತೆ ಮತ್ತೆ. ನೋಡಲು ಬರೀ ಅಂಕಿ. ಆದರೆ ಒಂದು ಮನೆಯ ಸಾಲನ್ನು ಮೊದಲಿನಿಂದ ಕೊನೆಯ ತನಕ ಓದಿ. ಚಿಕ್ಕವರ ಅಂಕಣದಲ್ಲಿ ಒಂದು ಕಮ್ಮಿಯಾಗಿ ದೊಡ್ಡವರ ಅಂಕಣದಲ್ಲಿ ಒಂದು ಜಾಸ್ತಿಯಾದರೆ ಒಂದು ಮಗುವಿಗೆ ಹತ್ತು ತುಂಬಿರಬೇಕು, ಅಂದರೆ ಅದು ಹುಟ್ಟಿದ ವರ್ಷ ಸಿಕ್ಕಿತು. ಸುಮ್ನೆ ಒಂದು ಕಮ್ಮಿಯಾದರೆ ಸಾವು ಇರಬಹುದು. ಯಜಮಾನನ ಜಾಗದಲ್ಲಿ ಹೆಂಡತಿಯ ಹೆಸರು ಬಂದರೆ ಅವನು ತೀರಿಕೊಂಡಿರಬಹುದು. ತಿಂಗಳುಗಟ್ಟಲೆ ಹಸಿದು ಸಮುದ್ರ ದಾಟಿ ಬಂದ ಮನೆಯೊಂದು ಒಂದೊಂದೇ ಅಂಕಿಯಾಗಿ ಕರಗುವುದನ್ನು ನೋಡಿದರೆ ಎದೆ ಭಾರವಾಗುತ್ತದೆ. ಈ ಲೆಕ್ಕದ ಪುಸ್ತಕಗಳು ಲಂಡನ್ನಿನ ಕ್ಯೂ ಅನ್ನುವ ಬಡಾವಣೆಯಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. 1911ರಲ್ಲಿ ಆಲ್ಬನಿಯ ರಾಜ್ಯ ಗ್ರಂಥಾಲಯಕ್ಕೆ ಬೆಂಕಿ ಬಿದ್ದು ನ್ಯೂಯಾರ್ಕಿನ ಲೆಕ್ಕವಿಲ್ಲದಷ್ಟು ಹಳೆಯ ಕಾಗದ ಸುಟ್ಟುಹೋಯಿತು. ಇವು ಸಮುದ್ರದ ಆಚೆ ಇದ್ದದ್ದರಿಂದ ಉಳಿದವು.

ಇದರ ಜೊತೆಗೆ ಓದಬೇಕಾದದ್ದು ಉಲ್ರಿಕ್ ಸಿಮೆಂಡಿಂಗರ್‌ನ ಪಟ್ಟಿ. ಅವನೂ 1710ರಲ್ಲಿ ಬಂದವನೇ. ಆಮೇಲೆ ಜರ್ಮನಿಗೆ ಮರಳಿ, ನ್ಯೂಯಾರ್ಕಿನಲ್ಲಿ ಯಾರು ಯಾರು ಬದುಕಿದ್ದಾರೆ, ಯಾವ ಹಳ್ಳಿಯಲ್ಲಿದ್ದಾರೆ ಅಂತ 1717ರ ಸುಮಾರಿಗೆ ಅಚ್ಚು ಹಾಕಿಸಿದ. ಊರಲ್ಲಿ ಕಾಯುತ್ತಿದ್ದ ನೆಂಟರಿಗೆ ಅದೇ ಸುದ್ದಿ. ಸ್ಕೋಹೇರಿಯ ಏಳು ಹಳ್ಳಿಗಳಲ್ಲಿ ವೈಸರ್, ಹಾರ್ಟ್‌ಮನ್, ಫುಕ್ಸ್, ಗರ್ಲಾಕ್ ಅಂತ ಗುಂಪಿನ ಮುಖಂಡರ ಹೆಸರೇ ಅಂಟಿಕೊಂಡವು ಜಾಸ್ತಿ. ನಿಮ್ಮವರು ಯಾವ ಹಳ್ಳಿಯಲ್ಲಿದ್ದರು ಅಂತ ಗೊತ್ತಾದರೆ ಯಾರ ಗುಂಪಿನಲ್ಲಿ ಬಂದರು ಅನ್ನುವುದಕ್ಕೂ ಸುಳಿವು ಸಿಗುತ್ತದೆ.

ಗುಂಪು ಯಾಕೆ ಮುಖ್ಯ ಅಂದರೆ, ಜರ್ಮನಿಯ ಊರು ಸಿಗುವುದು ಆ ದಾರಿಯಲ್ಲೇ. ಹೆನ್ರಿ ಝಡ್. ಜೋನ್ಸ್ ಅನ್ನುವ ಸಂಶೋಧಕರು 1710ರ 847 ಕುಟುಂಬಗಳ ಬಗ್ಗೆ 1985ರಲ್ಲಿ ಎರಡು ಸಂಪುಟ ಪ್ರಕಟಿಸಿದರು. ಒಂದು ಮನೆಯ ಮೂಲ ಊರು ಗೊತ್ತಾದರೆ ಅದರ ಸುತ್ತಮುತ್ತಲಿನ ಹಳ್ಳಿಗಳ ಚರ್ಚ್ ಪುಸ್ತಕಗಳಲ್ಲಿ ಪಟ್ಟಿಯ ಅಕ್ಕಪಕ್ಕದ ಹೆಸರುಗಳನ್ನು ಹುಡುಕುವುದು ಅವರ ಕ್ರಮ. ಅಮೆರಿಕದಲ್ಲಿ ಅಕ್ಕಪಕ್ಕ ಇದ್ದವರು ಎಷ್ಟೋ ಸಲ ಜರ್ಮನಿಯಲ್ಲೂ ನೆರೆಹೊರೆಯವರೇ. ಈ ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಅದರಲ್ಲಿ ಯುಂಗ್ ಮನೆತನಗಳ ಪುಟಗಳನ್ನು ಓದದೆ ಒಂದು ಪೈಸೆಯನ್ನೂ ಖರ್ಚು ಮಾಡಬೇಡಿ. ಆಮೇಲೆ ಬೇಕಾದರೆ ಆರ್ಕಿಯೋನ್ ಅನ್ನುವ ಜಾಲತಾಣದಲ್ಲಿ ದುಡ್ಡು ಕಟ್ಟಿ ಜರ್ಮನಿಯ ಪ್ರೊಟೆಸ್ಟೆಂಟ್ ಚರ್ಚುಗಳ ಮೂಲ ಪುಟಗಳನ್ನೇ ನೋಡಬಹುದು. ಆದರೆ 1689ರಲ್ಲಿ ಫ್ರೆಂಚ್ ಸೈನ್ಯ ಪ್ಯಾಲಟಿನೇಟನ್ನು ಸುಟ್ಟಾಗ ಬಹಳ ಪುಸ್ತಕಗಳು ಹೋದವು. ಇನ್ನೊಂದು ತಿರುವೂ ಇದೆ. ಮೂವತ್ತು ವರ್ಷಗಳ ಯುದ್ಧ 1648ರಲ್ಲಿ ಮುಗಿದಾಗ ಆ ಪ್ರಾಂತ್ಯದ ಎಷ್ಟೋ ಊರು ಬರಿದಾಗಿದ್ದವು, ಸ್ವಿಟ್ಜರ್ಲೆಂಡಿನಿಂದ ಜನ ಬಂದು ನೆಲೆಸಿದರು. ಹಾಗಾಗಿ ‘ಪ್ಯಾಲಟಿನೇಟಿನ ಯುಂಗ್’ ಇನ್ನೂ ಎರಡು ತಲೆಮಾರು ಹಿಂದೆ ಹೋದರೆ ಸ್ವಿಸ್ ಆಗಿರಬಹುದು.

ಇನ್ನು ಕಾಗದದ ಉಳಿದ ಸಂಗತಿಗಳು. ಮೂವರು ಅಣ್ಣತಮ್ಮಂದಿರ ಕಥೆ ಅಮೆರಿಕದ ಲೆಕ್ಕವಿಲ್ಲದಷ್ಟು ಮನೆಗಳಲ್ಲಿದೆ. ಒಂದೇ ಹೆಸರಿನ, ಸಂಬಂಧವಿಲ್ಲದ ಮೂರು ಮನೆಗಳನ್ನು ಹೊಂದಿಸಲು ಹುಟ್ಟುವ ಕಥೆ ಅದು, ದಾಖಲೆ ಸಿಗುವ ತನಕ ಪಕ್ಕಕ್ಕಿಡಿ. ಲಾಂಛನವಂತೂ ಸರ್‌ನೇಮಿಗೆ ಸೇರುವುದೇ ಇಲ್ಲ. ಅದನ್ನು ಒಬ್ಬ ವ್ಯಕ್ತಿಗೆ ಕೊಡುತ್ತಾರೆ, ಅವನ ವಂಶದವರಿಗೆ ಮಾತ್ರ ಅದರ ಹಕ್ಕು. ಅಂಗಡಿಯಲ್ಲಿ ‘ಯಂಗ್ ಮನೆತನದ ಲಾಂಛನ’ ಅಂತ ಮಾರುವುದು ಯಾವುದೋ ಇಂಗ್ಲಿಷ್ ಅಥವಾ ಸ್ಕಾಟಿಷ್ ಯಂಗ್‌ನದು. ಗೋಡೆಯ ಮೇಲಿದ್ದರೆ ಇರಲಿ, ಅತ್ತೆಯವರ ಮನಸ್ಸು ನೋಯಿಸುವುದು ಬೇಡ, ಪುರಾವೆ ಅಂತ ಮಾತ್ರ ತೆಗೆದುಕೊಳ್ಳಬೇಡಿ.

ಆನ್‌ಲೈನ್ ವಂಶವೃಕ್ಷಗಳ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ. ಒಬ್ಬರು ಊಹೆ ಬರೆಯುತ್ತಾರೆ, ಇನ್ನೂರು ಜನ ನಕಲು ಮಾಡುತ್ತಾರೆ, ಮೂರನೆಯವರು ‘ಇನ್ನೂರು ಕಡೆ ಹೀಗೇ ಇದೆ’ ಅಂತ ನಂಬುತ್ತಾರೆ. ಇದು ಹೊಸದೂ ಅಲ್ಲ. ನೂರು ವರ್ಷದ ಹಿಂದೆ ಗುಸ್ತಾವ್ ಅಂಜೂ ಅನ್ನುವವನು ಸಿರಿವಂತ ಅಮೆರಿಕನ್ನರಿಗೆ ಸುಳ್ಳು ವಂಶಾವಳಿ ಬರೆದುಕೊಟ್ಟು ದುಡ್ಡು ಮಾಡಿದ. ಅವನು ಕಟ್ಟಿದ ಸುಳ್ಳುಗಳು ಇವತ್ತಿಗೂ ಓಡಾಡುತ್ತಿವೆ. ನಿಮ್ಮ ಪೂರ್ವಿಕರಿಗೆ ಬೇರೆ ಬೇರೆ ಅಪ್ಪಂದಿರನ್ನು ತೋರಿಸುವ ಮರಗಳನ್ನು ತೆರೆದು, ಪ್ರತಿಯೊಂದರಲ್ಲೂ ಒಂದೇ ಪ್ರಶ್ನೆ ಕೇಳಿ: ಈ ಮಗ ಈ ಅಪ್ಪನಿಗೆ ಹುಟ್ಟಿದ್ದು ಅಂತ ಹೇಳುವ ಕಾಗದ ಯಾವುದು? ಕಾಗದವಿಲ್ಲದಿದ್ದರೆ ಅದು ಉತ್ತರವಲ್ಲ.

ಕಾಗದ ಹುಡುಕಲು ಫ್ಯಾಮಿಲಿಸರ್ಚ್ ಜಾಲತಾಣ ಪೂರ್ತಿ ಉಚಿತ. ಕೈಬರಹದ ಹಳೆಯ ಉಯಿಲು, ಕ್ರಯಪತ್ರಗಳ ಒಳಗಿನ ಪದಗಳನ್ನೇ ಹುಡುಕುವ ಸೌಲಭ್ಯ ಈಚೆಗೆ ಅದರಲ್ಲಿ ಬಂದಿದೆ. ಯಂಗ್ ಅಂತ ಒಂದೇ ಹಾಕಬೇಡಿ, ಜೊತೆಗೆ ನೆರೆಯವರ ಸರ್‌ನೇಮ್ ಹಾಕಿ. ಆ ಉಯಿಲುಗಳಲ್ಲಿ ನಿಮಗೆ ಇನ್ನೊಂದು ಸಂಗತಿಯೂ ಕಾಣಬಹುದು. ಸ್ಕೋಹೇರಿಯ ರೈತರಲ್ಲೂ ಗುಲಾಮರನ್ನು ಇಟ್ಟುಕೊಂಡವರಿದ್ದರು, ದನಕರು, ಮಂಚದ ಜೊತೆಗೆ ಮನುಷ್ಯರನ್ನೂ ಮಕ್ಕಳಿಗೆ ಬರೆದುಕೊಟ್ಟರು. ನ್ಯೂಯಾರ್ಕಿನಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1827ರಲ್ಲಿ. ಅಂಥ ಹೆಸರು ಕಂಡರೆ ದಾಟಿ ಹೋಗಬೇಡಿ, ಬರೆದುಕೊಂಡು ಮರದ ಜೊತೆಗೆ ಎಲ್ಲರಿಗೂ ಕಾಣುವ ಹಾಗೆ ಹಾಕಿ. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಹುಡುಕುತ್ತಿರುತ್ತಾರೆ. ಅವರಿಗೆ ಚರ್ಚಿನ ಪುಸ್ತಕದಲ್ಲಿ ಸಿಗುವುದು ನಮಗಿಂತ ಎಷ್ಟೋ ಕಮ್ಮಿ.

ಡಿಎನ್ಎ ಪರೀಕ್ಷೆ ಮಾಡಿಸಬಹುದೇ? ಮಾಡಿಸಬಹುದು, ಆದರೆ ಸರಿಯಾದದ್ದನ್ನು. ಸಾಮಾನ್ಯ ಪರೀಕ್ಷೆ ಇಷ್ಟು ಹಿಂದಕ್ಕೆ ಹೆಚ್ಚು ಸಹಾಯ ಮಾಡಲ್ಲ. ಎಂಟು ತಲೆಮಾರು ಹಿಂದಿನ ಒಬ್ಬ ಪೂರ್ವಿಕನಿಂದ ಬರುವುದು ಸರಾಸರಿ 256ರಲ್ಲಿ ಒಂದು ಪಾಲು, ಅದಕ್ಕಿಂತ ಹಿಂದೆ ಹೋದಂತೆ ಏನೂ ಬರದೆಯೂ ಇರಬಹುದು. ಸರ್‌ನೇಮಿಗೆ ಬೇಕಾದದ್ದು ವೈ ಕ್ರೋಮೋಸೋಮಿನ ಪರೀಕ್ಷೆ. ಅದು ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ, ಹೆಸರು ಹೋಗುವ ದಾರಿಯಲ್ಲೇ. ನಿಮ್ಮ ಗಂಡನೋ ಮಾವನವರೋ ಮಾದರಿ ಕೊಟ್ಟು, ಯಂಗ್ ಹೆಸರಿನವರ ಗುಂಪಿನ ಫಲಿತಾಂಶದ ಜೊತೆ ಹೋಲಿಸಿದರೆ, ಸ್ಕಾಟಿಷ್ ಯಂಗ್‌ಗಳೋ ಸ್ಕೋಹೇರಿಯ ಯುಂಗ್‌ಗಳೋ ಅನ್ನುವುದು ತಿಳಿಯಬಹುದು. ಕೊಡುವ ಮೊದಲು ಮನೆಯಲ್ಲಿ ಕೂತು ಮಾತಾಡಿ. ದತ್ತು, ಮರುಮದುವೆ, ಯಾರೂ ಹೇಳದ ಸಂಗತಿಗಳು ಹೊರಗೆ ಬರುವುದುಂಟು, ಮಾವನವರಿಗೆ ಅದು ಮೊದಲೇ ಗೊತ್ತಿರಬೇಕು.

ಈ ತಿಂಗಳು ಮಾಡಬೇಕಾದದ್ದು ಎರಡೇ. ಪಿಂಚಣಿ ಕಡತ ಇದೆಯಾ ನೋಡಿ. ಇದ್ದರೆ ಸಾರಾಂಶ ಬೇಡ, ಎಲ್ಲ ಪುಟಗಳನ್ನೂ ತೆಗೆದುಕೊಳ್ಳಿ. ಆಮೇಲೆ ಸ್ಕೋಹೇರಿಯ ಓಲ್ಡ್ ಸ್ಟೋನ್ ಫೋರ್ಟ್ ವಸ್ತುಸಂಗ್ರಹಾಲಯಕ್ಕೆ ಒಂದು ದಿನ ಮಗಳನ್ನೂ ಕರೆದುಕೊಂಡು ಹೋಗಿ. 1772ರಲ್ಲಿ ಕಟ್ಟಿದ ರಿಫಾರ್ಮ್ಡ್ ಚರ್ಚ್ ಅದು, 1780ರಲ್ಲಿ ಕಣಿವೆಯನ್ನೆಲ್ಲ ಸುಟ್ಟ ದಾಳಿಯನ್ನೂ ತಡೆದುಕೊಂಡು ನಿಂತಿದೆ. ಅಲ್ಲೇ ಮನೆತನಗಳ ಕಡತವಿರುವ ಗ್ರಂಥಾಲಯವೂ ಇದೆ. ಹೋಗುವ ಮೊದಲು ಅವರಿಗೆ ಬರೆದು ತಿಳಿಸಿ, ಪೂರ್ವಿಕರ ಹೆಸರಿನ ಜೊತೆ ಅವರ ಹೆಂಡತಿಯ ತವರಿನ ಹೆಸರನ್ನೂ ಕೊಡಿ. ಯಂಗ್‌ಗಳು ಬಹಳ ಇರುವ ಊರಿನಲ್ಲಿ ಯಾವ ಯಂಗ್ ಅಂತ ಅವರಿಗೆ ಗೊತ್ತಾಗುವುದು ಹೆಂಡತಿಯ ಹೆಸರಿನಿಂದಲೇ. ಸಾಕ್ಷಿಗಳ ಪಟ್ಟಿ ತಯಾರಾದ ಮೇಲೆ ನನಗೂ ಕಳಿಸಿ, ಹಂಟರ್ ಲೆಕ್ಕದ ಜೊತೆ ಇಟ್ಟು ನೋಡೋಣ.